ಪ್ಯಾಕೆಟ್‌ಗಳಿಗೆ ಸ್ನಾನ ಮಾಡಿಸಿದ ದಿನಗಳು

ಮನೆಯಲ್ಲಿ ಐದು ಜನ. ಹೊರಗೆ ಹೋಗಿ ಬರುವುದು ಒಬ್ಬರೇ ಎಂದು ತೀರ್ಮಾನವಾದಾಗ ಆ ಕೆಲಸ ನನ್ನ ತಲೆಗೆ ಬಂತು. ಅಪ್ಪ ಅಮ್ಮನಿಗೆ ವಯಸ್ಸಾಗಿತ್ತು, ತಂಗಿಗೆ ಉಬ್ಬಸ, ಅವಳ ಮಗು ಇನ್ನೂ ಚಿಕ್ಕದು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದ ಮೇಲೆ ಮೂರು ತಿಂಗಳು ದಿನಸಿ, ಔಷಧ, ಬ್ಯಾಂಕು ಎಲ್ಲವೂ ನನ್ನದೇ.

ಮೊದಲ ವಾರ ನಾಲ್ಕು ಸಲ ಹೊರಗೆ ಹೋದೆ. ಭಯವಿರಲಿಲ್ಲ ಅಂತಲ್ಲ, ಮರೆವು. ಸಾಮಾನು ಇಳಿಸಿ, ಕೈಕಾಲು ತೊಳೆದು ಕೂತ ಮೇಲೆ "ಬಟ್ಟೆ ಸೋಪು ತಂದೆಯಾ?" ಅಂತ ಒಳಗಿಂದ ಕೇಳುತ್ತಿತ್ತು. ಆಮೇಲೆ ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಡಬ್ಬಿ ಖಾಲಿಯಾದಾಗಲ್ಲ, ಅರ್ಧಕ್ಕಿಳಿದಾಗಲೇ ಬರೆಯಬೇಕು ಎಂಬುದು ಕಟ್ಟಳೆ. ಹೋಗುವ ಹಿಂದಿನ ರಾತ್ರಿ ಆ ಪಟ್ಟಿಯನ್ನು ಅಂಗಡಿಯ ಕಪಾಟುಗಳು ಇರುವ ಕ್ರಮದಲ್ಲಿ ಮತ್ತೆ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ 'ಸಿಗದಿದ್ದರೆ' ಅಂತ ಇನ್ನೊಂದು ಸಾಲು. ಆಗ ಅಂಗಡಿಯಲ್ಲಿ ನಿಂತು ಮನೆಗೆ ಫೋನ್ ಮಾಡುವುದು ತಪ್ಪಿತು. ಅಮ್ಮ ಆ ಸಾಲಿನಲ್ಲಿ ಮುಕ್ಕಾಲು ಪಾಲು 'ಸಿಗದಿದ್ದರೆ ಬೇಡ' ಎಂದೇ ಬರೆಯುತ್ತಿದ್ದಳು. ಅರ್ಧ ಗಂಟೆಯ ಕೆಲಸ ಹತ್ತು ಹನ್ನೆರಡು ನಿಮಿಷಕ್ಕೆ ಇಳಿಯಿತು.

ಎಷ್ಟು ತರಬೇಕು ಎನ್ನುವುದಕ್ಕೆ 14 ದಿನದ ಲೆಕ್ಕ ಹಿಡಿದೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 14 ದಿನದವರೆಗೆ ಹಿಡಿಯಬಹುದು ಎನ್ನುತ್ತಿದ್ದರು. ನಮ್ಮಲ್ಲಿ ಯಾರಿಗಾದರೂ ಬಂದರೆ ಬಾಗಿಲು ಹಾಕಿಕೊಂಡು ಕೂರಬೇಕಾದದ್ದೂ ಅಷ್ಟೇ ದಿನ. ಅದಕ್ಕಿಂತ ಹೆಚ್ಚು ತಂದಿಟ್ಟುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಸೋಪಿನ ಕಪಾಟು ಬರಿದಾಗಿದ್ದನ್ನು ನೋಡಿದಾಗ ಸಿಟ್ಟೇ ಬಂದಿತ್ತು. ಪಕ್ಕದವನ ಕೈ ಕೊಳಕಾಗಿದ್ದರೆ ನಮ್ಮ ಮನೆಯಲ್ಲಿ ಐವತ್ತು ಸೋಪು ಇದ್ದು ಏನು ಬಂತು?

ಇನ್ನು ಮುಖ್ಯ ವಿಷಯ, ತೊಳೆಯುವುದು. ಪ್ಲಾಸ್ಟಿಕ್, ಸ್ಟೀಲಿನ ಮೇಲೆ ಈ ವೈರಾಣು ಮೂರು ದಿನದವರೆಗೂ, ರಟ್ಟಿನ ಮೇಲೆ 24 ಗಂಟೆವರೆಗೂ ಉಳಿಯಬಹುದು ಎಂಬ ಪ್ರಯೋಗಾಲಯದ ಫಲಿತಾಂಶ ಆ ಮಾರ್ಚ್‌ನಲ್ಲೇ ಹೊರಬಿದ್ದಿತ್ತು. ಓದಿದ್ದೇ ತಡ, ಬಾಗಿಲ ಬಳಿ ಒಂದು ಹಳೇ ಕುರ್ಚಿ ಇಟ್ಟು ಅದನ್ನು ಗಡಿ ಮಾಡಿದೆ. ಕೆಡದ ಸಾಮಾನಿಗೆಲ್ಲ ಅಲ್ಲಿ ಮೂರು ದಿನ ಅಜ್ಞಾತವಾಸ. ಉಳಿದ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ಅಪ್ಪ ದೂರದಲ್ಲಿ ಕೂತು ನೋಡುತ್ತ, "ಚೀಲಕ್ಕೆ ತಲೆಗೂ ನೀರು ಹಾಕಪ್ಪ" ಅನ್ನುತ್ತಿದ್ದರು.

ಬ್ಲೀಚ್ ವಿಷಯದಲ್ಲಿ ಪಾಠ ಕಲಿತೆ. ಒರೆಸಲು ಬೇಕಾದದ್ದು 0.1 ಶೇಕಡಾ ದ್ರಾವಣ. ಸೀಸೆಯಲ್ಲಿ 5 ಶೇಕಡಾ ಇದ್ದರೆ ಒಂದು ಪಾಲಿಗೆ 49 ಪಾಲು ನೀರು ಬೆರೆಸಬೇಕು. ನಾನು ಕಣ್ಣಳತೆಯಲ್ಲಿ ಸುರಿದೆ. ಒಂದು ಒಳ್ಳೆಯ ಅಂಗಿ ಹೋಯಿತು, ಸಂಜೆಯವರೆಗೆ ಕಣ್ಣು ಉರಿಯಿತು. ಅದೇ ಬಕೆಟ್ಟಿಗೆ ಬಚ್ಚಲು ತೊಳೆಯುವ ಆಸಿಡ್ಡನ್ನೂ ಹಾಕಬೇಕೆಂದಿದ್ದೆ. ತಂಗಿ ಕೈ ಹಿಡಿದು ತಡೆದಳು. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕೊರೊನಾದಿಂದ ತಪ್ಪಿಸಿಕೊಳ್ಳಲು ಹೋಗಿ ಬಚ್ಚಲಲ್ಲೇ ಬೀಳುತ್ತಿದ್ದೆ.

ತರಕಾರಿಯನ್ನು ಅಮ್ಮ ಎರಡು ವಾರ ಸೋಪಿನ ನೀರಲ್ಲಿ ತೊಳೆದಳು. ಸಿಪ್ಪೆಯ ಸಣ್ಣ ರಂಧ್ರಗಳಲ್ಲಿ ಸೋಪು ಉಳಿದು ಹೊಟ್ಟೆಗೆ ಹೋಗುತ್ತದೆ, ಹರಿಯುವ ನೀರು ಸಾಕು ಎಂದು ಓದಿ ಹೇಳಿದ ಮೇಲೆ ಬಿಟ್ಟಳು. ಮನಸ್ಸಿಲ್ಲದೆ ಬಿಟ್ಟಳು.

ಈಗ ನೆನೆದರೆ ಮುಜುಗರ. ಇಷ್ಟೆಲ್ಲ ಒರೆಸಿದ ನಾನು ಮೊದಲ ಮೂರು ನಾಲ್ಕು ವಾರ ಮಾಸ್ಕೇ ಹಾಕಿರಲಿಲ್ಲ. ಕಾಯಿಲೆಯವರಿಗೆ, ಆರೈಕೆ ಮಾಡುವವರಿಗೆ ಬಿಟ್ಟರೆ ಬೇರೆಯವರಿಗೆ ಬೇಕಿಲ್ಲ ಎಂದೇ ಆಗ ಹೇಳುತ್ತಿದ್ದರು. ದೂರ ಕಾಯ್ದುಕೊಳ್ಳಲಾಗದ ಕಡೆ ಜನಸಾಮಾನ್ಯರೂ ಬಟ್ಟೆಯ ಮಾಸ್ಕ್ ಹಾಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಜೂನ್ 5ಕ್ಕೆ. ಹೊರಗೆ ಸರದಿಯಲ್ಲಿ ಗುರುತು ಹಾಕಿದ ಜಾಗದಲ್ಲಿ ಶಿಸ್ತಾಗಿ ನಿಲ್ಲುತ್ತಿದ್ದೆವು. ಒಳಗೆ ಹೋದರೆ ಕಿಟಕಿಯೂ ಇಲ್ಲದ ಇಕ್ಕಟ್ಟಿನ ಅಂಗಡಿ, ಗಲ್ಲಾದವನು ದೂರದವರಿಗೆ ಕೇಳಲಿ ಎಂದು ಕೂಗುತ್ತಿದ್ದ, ನಾವೂ ಕೂಗುತ್ತಿದ್ದೆವು. ಆ ಗಾಳಿಯನ್ನು ಎದೆತುಂಬ ಎಳೆದುಕೊಂಡು ಮನೆಗೆ ಬಂದು ಪ್ಯಾಕೆಟ್ ಒರೆಸುತ್ತಿದ್ದೆ! ಸೋಂಕಿರುವ ವಸ್ತುವನ್ನು ಒಂದು ಸಲ ಮುಟ್ಟಿದರೆ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತಿಳಿಸಿದ್ದು 2021ರ ಏಪ್ರಿಲ್‌ನಲ್ಲಿ. ಅಲ್ಲಿಗೆ, ನಾನು ಮಾಡಿದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಆ ಪಟ್ಟಿ. ಸಮಯ ಉಳಿಸಲು ಮಾಡಿದ್ದು, ಒಳಗಿನ ಗಾಳಿಯಲ್ಲಿ ನಿಲ್ಲುವುದನ್ನೂ ಕಡಿಮೆ ಮಾಡಿತು.

ಕೈ ತೊಳೆದದ್ದು ಮಾತ್ರ ವ್ಯರ್ಥ ಎನ್ನಲಾರೆ. 20 ಸೆಕೆಂಡ್ ಉಜ್ಜಿದರೆ ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಸೋಪು ಒಡೆಯುತ್ತದೆ. ಫೋನ್ ಒರೆಸಬೇಕು ಅಂತ ಹೊಳೆಯಲು ಮಾತ್ರ ನನಗೆ ಒಂದು ತಿಂಗಳು ಬೇಕಾಯಿತು.

ಮೇಲಿನ ಮಹಡಿಯ ಅಜ್ಜಿಯ ಔಷಧವನ್ನೂ ನಾನೇ ತರುತ್ತಿದ್ದೆ. ಅವರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು, ದುಡ್ಡು ಅದರಲ್ಲೇ. ಒಂದು ಸಲ ಬಿಪಿ ಮಾತ್ರೆಯ ಹೆಸರು ಕೇಳಿಕೊಂಡು ಹೋಗಿ ತಂದೆ. ಹೆಸರು ಅದೇ, ಮಿಲಿಗ್ರಾಂ ದುಪ್ಪಟ್ಟು. ಪುಣ್ಯಕ್ಕೆ ಅಜ್ಜಿಗೆ ಪೊಟ್ಟಣದ ಬಣ್ಣ ನೆನಪಿತ್ತು: "ಇದು ನನ್ನದಲ್ಲ ಮಗಾ, ನನ್ನದು ಹಸಿರು." ಆ ದಿನಗಳಲ್ಲಿ ಕೊಟ್ಟ ಔಷಧವನ್ನು ಅಂಗಡಿಯವರು ವಾಪಸು ಮುಟ್ಟುತ್ತಿರಲಿಲ್ಲ, ದುಡ್ಡು ನನ್ನ ಜೇಬಿನಿಂದ ಹೋಯಿತು. ಮುಂದಿನ ಸಲದಿಂದ ಬುಟ್ಟಿಯಲ್ಲಿ ದುಡ್ಡಿನ ಜತೆ ಖಾಲಿ ಸ್ಟ್ರಿಪ್ಪೂ ಇಳಿದು ಬರುತ್ತಿತ್ತು. ಹತ್ತು ಮಾತ್ರೆ ಉಳಿದಿರುವಾಗಲೇ ಹೇಳಿಬಿಡಿ ಅಂತ ಕೆಳಗಿಂದ ಕೂಗಿ ಹೇಳಿದ್ದೆ. ಅಜ್ಜಿ ಹನ್ನೆರಡು ಇರುವಾಗಲೇ ಬುಟ್ಟಿ ಇಳಿಸುತ್ತಿದ್ದರು.