ಕಬ್ಬಿನ ಸರ್ವೆ, ಎಕರೆ-ಗುಂಟೆ, ಎಸ್‌ಪಿಎಸ್‌ಎಸ್: ನಾನು ಮಾಡುವ ರೀತಿ

ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಸರ್ವೆ ಫಾರಂಗಳನ್ನು ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆಯುವುದು ನನ್ನ ಕೆಲಸ. ಬಳಸುವುದು ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್ ಆದ ಎಸ್‌ಪಿಎಸ್‌ಎಸ್. ಲೈಸೆನ್ಸ್ ಇಲ್ಲದ ಕಡೆ ಪುಕ್ಕಟೆ ಸಿಗುವ ಪಿಎಸ್‌ಪಿಪಿ. ಎರಡರ ಮೆನುಗಳೂ ಹೆಚ್ಚುಕಡಿಮೆ ಒಂದೇ ಥರ. ಮೆನು ಇದೆಯಲ್ಲ ಅಂತ ಸುಮ್ನೆ ಅನಲೈಜ್ ಒತ್ತಲು ಹೋಗಬೇಡಿ. ನನ್ನ ಜಾಸ್ತಿ ಹೊತ್ತು ಹೋಗುವುದು ವೇರಿಯಬಲ್ ವ್ಯೂನಲ್ಲೇ, ಅಂದರೆ ಪ್ರತಿ ವೇರಿಯಬಲ್ಲಿನ (ಫಾರಂನ ಒಂದೊಂದು ಉತ್ತರದ ಕಾಲಂ) ಹೆಸರು, ಬಗೆ, ಕೋಡ್ ಹೇಳುವ ಹಾಳೆಯಲ್ಲಿ.

ಜಮೀನನ್ನೇ ತಗೊಳ್ಳಿ. ರೈತರು ಎರಡು ಎಕರೆ ಇಪ್ಪತ್ತು ಗುಂಟೆ ಅಂತಾರೆ, ಫಾರಂನಲ್ಲಿ 2.20 ಅಂತ ಬರೆದಿರುತ್ತೆ. ಪಹಣಿ ನೋಡಿ ಗೊತ್ತಿರುವವರಿಗೆ ಅದು ಸರಿಯಾಗೇ ಅರ್ಥವಾಗುತ್ತದೆ. ಸಾಫ್ಟ್‌ವೇರ್‌ಗೆ ಮಾತ್ರ ಅದು ಎರಡು ಪಾಯಿಂಟ್ ಎರಡು ಎಕರೆ. 40 ಗುಂಟೆಗೆ ಒಂದು ಎಕರೆ ಅಲ್ವಾ, ಹಾಗಾಗಿ ಅಲ್ಲಿ ಇರಬೇಕಾದದ್ದು 2.5. ಆ 2.20ಕ್ಕೆ ಇನ್ನೊಬ್ಬರ 1.30 ಕೂಡಿಸಿದರೆ 3.50 ತೋರಿಸುತ್ತದೆ. ನಿಜವಾಗಿ ಇರುವುದು 4 ಎಕರೆ 10 ಗುಂಟೆ. ಎರರ್ ಮೆಸೇಜೂ ಬರುವುದಿಲ್ಲ, ಅದೇ ಭಯ. ಅದಕ್ಕೇ ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ವೇರಿಯಬಲ್ ಇಡುತ್ತೇನೆ. ಆಮೇಲೆ ಟ್ರಾನ್ಸ್‌ಫಾರ್ಮ್ > ಕಂಪ್ಯೂಟ್ ವೇರಿಯಬಲ್‌ಗೆ ಹೋಗಿ, ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುತ್ತೇನೆ. ನೋಟ್‌ಬುಕ್ಕಿನಲ್ಲೂ ಮೆನುವಿನ ದಾರಿಯನ್ನು ಹೀಗೇ > ಹಾಕಿ ಬರೆದಿಡಿ, ಇನ್ನೊಬ್ಬರಿಗೆ ತೋರಿಸಲು ಸುಲಭ.

ಜಿಲ್ಲೆಯ ಏಳು ತಾಲ್ಲೂಕಿಗೆ 1ರಿಂದ 7 ಕೋಡ್ ಕೊಟ್ಟು, ವ್ಯಾಲ್ಯೂಸ್ ಕಾಲಂನಲ್ಲಿ ಹೆಸರು ತುಂಬುತ್ತೇನೆ. ಮೆಷರ್ ಅಂತ ಇರುವ ಕಡೆ ತಾಲ್ಲೂಕಿಗೆ ನಾಮಿನಲ್ (ಬರೀ ಹೆಸರು), 'ತೃಪ್ತಿ ಇದೆ, ಪರವಾಗಿಲ್ಲ, ಇಲ್ಲ' ಥರದ ಉತ್ತರಕ್ಕೆ ಆರ್ಡಿನಲ್ (ಮೇಲೆ-ಕೆಳಗೆ ಕ್ರಮ ಇರುವುದು), ಟನ್ ಲೆಕ್ಕದ ಇಳುವರಿಗೆ ಸ್ಕೇಲ್ (ಅಳೆದ ಸಂಖ್ಯೆ). ನಾಮಿನಲ್ ಅಂತ ಹಾಕಿದ್ದರೂ ಡಿಸ್ಕ್ರಿಪ್ಟಿವ್ಸ್‌ನಲ್ಲಿ (ಸರಾಸರಿ ತೆಗೆಯುವ ಮೆನು) ತಾಲ್ಲೂಕು ಕೋಡಿನ ಸರಾಸರಿ ಕೇಳಿದರೆ ಎಸ್‌ಪಿಎಸ್‌ಎಸ್ ಕೊಟ್ಟೇಬಿಡುತ್ತದೆ. ಕೇಳಬಾರದು ಅನ್ನುವುದು ನಮಗೆ ಗೊತ್ತಿರಬೇಕು. ಉತ್ತರ ಕೊಡದವರ ವಯಸ್ಸಿಗೆ 99 ಬೇಡ, 999 ಹಾಕಿ. ತೊಂಬತ್ತೊಂಬತ್ತು ವರ್ಷದವರೂ ಇರುತ್ತಾರೆ. ಆ 999 ಅನ್ನು ಮಿಸ್ಸಿಂಗ್ ಕಾಲಂನಲ್ಲಿ ಹೇಳದೇ ಇದ್ದರೆ ಸರಾಸರಿ ಎಲ್ಲೋ ಹೋಗಿ ಕೂರುತ್ತದೆ.

ಲೆಕ್ಕಕ್ಕೆ ಇಳಿದ ಮೇಲೆ ನಾನು ಓಕೆ ಒತ್ತುವುದು ಕಡಿಮೆ. ಪಕ್ಕದ ಪೇಸ್ಟ್ ಒತ್ತುತ್ತೇನೆ. ಆರಿಸಿದ್ದೆಲ್ಲ ಸಿಂಟ್ಯಾಕ್ಸ್ (ಅಕ್ಷರದಲ್ಲಿ ಬರೆದ ಕಮಾಂಡ್) ಆಗಿ ಬರುತ್ತದೆ. ಪ್ರತಿ ಕಮಾಂಡಿನ ಕೊನೆಗೆ ಒಂದು ಫುಲ್‌ಸ್ಟಾಪ್ ಇರುತ್ತದೆ, ಅದನ್ನು ಅಳಿಸಬೇಡಿ. ಅಲ್ಲಿಂದಲೇ ರನ್ ಮಾಡಿ ಫೈಲ್ ಸೇವ್ ಮಾಡಿದರೆ ಆಯಿತು. ಸಂಶೋಧನೆಯ ಗೈಡ್ 'ಈ ಟೇಬಲ್ ಹೇಗೆ ಬಂತು?' ಅಂದಾಗ ಅದನ್ನೇ ತೆರೆದು ತೋರಿಸುತ್ತೇನೆ.

ಮಳವಳ್ಳಿ ತಾಲ್ಲೂಕಿನವರನ್ನಷ್ಟೇ ನೋಡಬೇಕಿದ್ದರೆ ಡೇಟಾ > ಸೆಲೆಕ್ಟ್ ಕೇಸಸ್. ಅದು ಮುಗಿದ ಕೂಡಲೇ ಅಲ್ಲೇ ಆಲ್ ಕೇಸಸ್‌ಗೆ ಬದಲಾಯಿಸಿ. ಮುಂದಿನ ಟೇಬಲ್ ತೆಗೆಯುವ ಮೊದಲು ಕೆಳಗಿನ ಪಟ್ಟಿಯಲ್ಲಿ 'ಫಿಲ್ಟರ್ ಆನ್' ಹೋಗಿದೆಯಾ ನೋಡಿಕೊಳ್ಳಿ.