ಮುಳ್ಳುತಲೆ ಹುಳದ ಸೊಂಡಿಲು: ಸಲೈನ್ ಬಿಟ್ಟು ನೀರಿಗೆ ಹಾಕಿದ್ದು

ಕಾಡುಬಾತಿನ ಕರುಳಿನ ಮುಳ್ಳುತಲೆ ಹುಳಕ್ಕೆ (ಅಕ್ಯಾಂಥೊಸೆಫಲಾ, ತಲೆಯ ಸೊಂಡಿಲಿನ ಮೇಲೆ ಕೊಕ್ಕೆಗಳಿರುವ ಪರಾವಲಂಬಿ) ಸಲೈನ್, ಅಂದರೆ ಉಪ್ಪುನೀರು ಬೇಡ, ಬರೀ ನೀರೇ ಸಾಕು ಅಂದಾಗ ಹುಳದ ಸ್ಲೈಡ್ ಮಾಡುವ ಬೀದರಿನ ನಮ್ಮ ಬಳಗದಾಗ ಯಾರೂ ಒಪ್ಪಲಿಲ್ಲ. "ಹುಳ ಉಬ್ಬಿ ಒಡೀತದ" ಅಂದರು. ಉಬ್ಬಲಿ ಅಂತಲೇ ಹಾಕೋದು! ಈಗ ಹತ್ತು ಸ್ಲೈಡಿನಲ್ಲಿ ಏಳೆಂಟರಲ್ಲಿ ಸೊಂಡಿಲು ಪೂರ್ತಿ ಹೊರಗಿದೆ, ಕೊಕ್ಕೆ ಸಾಲುಗಟ್ಟಿ ಎಣಿಸಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಹಕ್ಕಿ ಹೊಡೆಯುವ ಮಾತೇ ಇಲ್ಲ. ಅರಣ್ಯ ಇಲಾಖೆ ಶವಪರೀಕ್ಷೆಗೆ ಕೊಟ್ಟಿದ್ದಷ್ಟೇ. ಹಿಂಡುಗಟ್ಟಲೆ ಸತ್ತಿದ್ದರೆ ಹಕ್ಕಿಜ್ವರದ ಶಂಕೆ, ನಾನು ಕೈ ಹಾಕೋದಿಲ್ಲ.

ಮೊದಲ ಸಲ ಹನ್ನೆರಡೋ ಹದಿನಾಲ್ಕೋ ಹುಳ ಸಲೈನಿನಿಂದ ನೇರ, ಕೆಡದಂತೆ ಕಾಪಿಡುವ ಫಾರ್ಮಲಿನ್‌ಗೆ ಹೋದವು. ಎಲ್ಲದರ ಸೊಂಡಿಲು ಒಳಗೇ ಉಳಿಯಿತು. ಕೊಕ್ಕೆ ಕಾಣದಿದ್ದರೆ ಜಾತಿ ಗುರುತಿಸೋದು ಹೇಗೆ? ಎರಡನೇ ಸಲ ನೀರಿಗೇ ಹಾಕಿದೆ, ಆದರೆ ಮೇ ತಿಂಗಳು, ಮೇಜಿನ ಮೇಲೆ. ಬೆಳಗ್ಗೆ ನೋಡಿದರೆ ಕೊಳೆತು ಚರ್ಮ ಸುಲಿದಿತ್ತು. ಫ್ರಿಜ್ಜಿನಲ್ಲಿಡಬೇಕು. ನಾಲ್ಕು ತಾಸಿಗೊಮ್ಮೆ ನೋಡಿ, ಹೆಚ್ಚೆಂದರೆ ಒಂದು ರಾತ್ರಿ. ನೀರು ಒಳಸೇರಿ ಮೈ ಬಿಗಿಯುತ್ತದೆ, ಆ ಒತ್ತಡವೇ ಸೊಂಡಿಲನ್ನು ಹೊರಗೆ ದಬ್ಬುತ್ತದೆ. 

ಕರುಳಿನಿಂದ ಎಳೆದು ಕೀಳಬೇಡಿ. ಫಿಲಿಕೊಲಿಸ್ ಅನ್ನೋ ಮುಳ್ಳುತಲೆ ಹುಳದ ಹೆಣ್ಣಿನ ಸೊಂಡಿಲು ಗುಂಡು ಬುಗ್ಗೆಯಂತೆ ಊದಿ ಕರುಳಗೋಡೆಯಲ್ಲಿ ಹೂತಿರುತ್ತದೆ, ಹೊರಗಿನಿಂದ ಗಂಟು ಕಾಣುತ್ತದೆ. ಎಳೆದರೆ ಕುತ್ತಿಗೆ ಹರಿದು ತಲೆ ಅಲ್ಲೇ ಉಳಿಯುತ್ತದೆ. ಗೋಡೆಯನ್ನೇ ಸುತ್ತ ಕತ್ತರಿಸಿ, ಸೂಜಿಯಿಂದ ಬಿಡಿಸಿ. ಪಾಲಿಮಾರ್ಫಸ್ ಅನ್ನೋ ಇನ್ನೊಂದು ಮುಳ್ಳುತಲೆ ಹುಳ ಹಸಿಯಿದ್ದಾಗ ಒಳ್ಳೆ ಕಿತ್ತಳೆ ಬಣ್ಣ. ಆಲ್ಕೋಹಾಲಿನಲ್ಲಿ ಅದು ಬಿಟ್ಟುಹೋಗುತ್ತದೆ, ಫೋಟೊ ಮೊದಲೇ ತೆಗೆದುಕೊಳ್ಳಿ.

ಬಿಗಿದ ಮೇಲೆ, ಹುಳವನ್ನು ಆ ಸ್ಥಿತಿಯಲ್ಲೇ ಕೆಡದಂತೆ ಹಿಡಿಯುವ ಬಿಸಿ ದ್ರಾವಣ ಎಎಫ್‌ಎ: 85 ಪರ್ಸೆಂಟ್ ಆಲ್ಕೋಹಾಲ್ 85 ಮಿಲಿ, ಫಾರ್ಮಲಿನ್ 10, ಗ್ಲೇಷಿಯಲ್ ಅಸಿಟಿಕ್ 5. ಬಿಸಿನೀರಿನ ಬಟ್ಟಲಲ್ಲಿಟ್ಟು ಕಾಯಿಸಿ, ಬೆಂಕಿ ಹತ್ತಿರ ಬೇಡ. ಆಮೇಲೆ ಕೀಟ ಚುಚ್ಚುವ ಸಣ್ಣ ಪಿನ್ನಿನಿಂದ ಮೈಗೆ ಎರಡು ಮೂರು ತೂತು, ವೃಷಣ ತಪ್ಪಿಸಿ. ಇದನ್ನು ಬಿಟ್ಟಿದ್ದಕ್ಕೇ ಮೂರನೇ ಕಂತು ಪೂರ್ತಿ ಹಾಳಾಯಿತು: ಬಣ್ಣ ಒಳಗೆ ಹೋಗಲಿಲ್ಲ, ಹುಳವನ್ನು ಪಾರದರ್ಶಕ ಮಾಡುವ ಕ್ಸೈಲೀನಿಗೆ ಬಂದಾಗ ಮೈ ಒಣದ್ರಾಕ್ಷಿಯಂತೆ ಸುಕ್ಕಾಯಿತು. ಕಾರ್ಮಿನ್ ಅನ್ನೋ ಕೆಂಪು ಬಣ್ಣ ಗಾಢವಾಗಿ ಹತ್ತಿಸಿ, ಆಮ್ಲ ಬೆರೆಸಿದ 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಅಂಚು ತಿಳಿಯಾಗುವವರೆಗೆ ಬಣ್ಣ ಇಳಿಸಿ. ಆಮೇಲೆ ಏರುವ ಆಲ್ಕೋಹಾಲಿನಲ್ಲಿ ನೀರು ತೆಗೆದು, ಕ್ಸೈಲೀನಿನಲ್ಲಿ ತಿಳಿಗೊಳಿಸಿ, ಡಿಪಿಎಕ್ಸ್ (ಸ್ಲೈಡಿಗೆ ಅಂಟಿಸುವ ಗೋಂದು) ಹಾಕಿ ಮುಚ್ಚೋದು.

ಮಳೆಗಾಲದಲ್ಲಿ ಕ್ಸೈಲೀನ್ ಹಾಲಿನಂತೆ ಬೆಳ್ಳಗಾಗುವ ಕಾಟಕ್ಕೆ ಅದರ ಬದಲು ಲವಂಗದೆಣ್ಣೆ ಹಿಡಿದೆ. ಆಲ್ಕೋಹಾಲಿನಲ್ಲಿ ಚೂರು ನೀರು ಉಳಿದಿದ್ದರೂ ಅದು ಸಹಿಸುತ್ತದೆ. ಹಲ್ಲುನೋವಿಗೆ ಮಾರುವ ಅಗ್ಗದ ಬಾಟಲಿ ತಂದು ನೋಡಿದ್ದೂ ಆಯಿತು. ಏನು ಬೆರಕೆಯೋ, ಮಬ್ಬಾಯಿತು, ನೂರು ರೂಪಾಯಿ ಚಿಲ್ಲರೆ ನೀರುಪಾಲು. ಲ್ಯಾಬಿನ ಎಣ್ಣೆ ಸುಮಾರು ನಾಲ್ಕು ಪಟ್ಟು, ಆದರೂ ಅದೇ ಲಾಭ. ಡಿಪಿಎಕ್ಸ್‌ಗೆ ಮುಂಚೆ ಕ್ಸೈಲೀನಿನಲ್ಲಿ ಒಮ್ಮೆ ತೊಳೆಯಿರಿ.

ಹುಳ ದಪ್ಪ, ಕವರ್ ಸ್ಲಿಪ್ ನೇರ ಇಟ್ಟರೆ ಜಜ್ಜುತ್ತದೆ. ಒಡೆದ ಗಾಜಿನ ಚೂರು ನಾಲ್ಕು ಮೂಲೆಗೆ ಕೊಡಿ. ಡಿಪಿಎಕ್ಸ್ ಒಣಗುತ್ತಾ ಕುಗ್ಗಿ ಅಂಚಿನಿಂದ ಗಾಳಿ ಎಳೆಯುತ್ತದೆ, ಮರುದಿನ ಒಂದು ಹನಿ ತುಂಬಿಸಿ.

ಅದೇ ಕರುಳಿನ ಎಲೆಹುಳಗಳ (ಎಲೆಯಂತೆ ಚಪ್ಪಟೆಯಾದ ಪರಾವಲಂಬಿ, ಫ್ಲೂಕ್) ಮೇಲೂ ಒಂದಿಷ್ಟು ಆಟ ಆಡಿದೆ. ಎಕಿನೊಸ್ಟೋಮಾ ರೆವೊಲ್ಯೂಟಮ್‌ನ ಕೊರಳಪಟ್ಟಿಯಲ್ಲಿ 37 ಮುಳ್ಳು ಇರಬೇಕು. ಹಕ್ಕಿ ಬಿಸಿಲಲ್ಲಿ ಸತ್ತು ಬಿದ್ದು ಸಂಜೆ ಕೊಯ್ದರೆ ಅರ್ಧ ಉದುರಿರುತ್ತವೆ. ಬಣ್ಣ ಜಾಸ್ತಿಯಾದರೂ ಮುಚ್ಚಿಹೋಗುತ್ತವೆ, ಹಾಗಾಗಿ ಎರಡು ಹುಳ ಬಣ್ಣ ಹಾಕದೆ, ಹುಳವನ್ನು ತಿಳಿಗೊಳಿಸುವ ಲ್ಯಾಕ್ಟೋಫಿನಾಲ್ ದ್ರಾವಣದಲ್ಲಿ ಇಡುತ್ತೇನೆ. ನೋಟೊಕೊಟೈಲಸ್‌ನಲ್ಲಿ ಹೊಟ್ಟೆಯ ಹೀರುಬಟ್ಟಲು ಕಾಣಲಿಲ್ಲವೆಂದು ಸ್ಲೈಡ್ ಬಿಸಾಡಬೇಡಿ. ಅದಕ್ಕೆ ಇಲ್ಲವೇ ಇಲ್ಲ, ಹೊಟ್ಟೆಯ ಕಡೆ ಗ್ರಂಥಿಗಳ ಸಾಲು ನೋಡಿ.