ಜೆಟ್ ದೋಣಿ ಇಲ್ಲದೆ ಸಸ್ಕೆಹಾನಾದಲ್ಲಿ ಸ್ಮಾಲ್‌ಮೌತ್ ಬಾಸ್: ನನ್ನ ಅನುಭವ

"ನದಿ ಬಾಸ್ ಬೇಕಾದರೆ ಜೆಟ್ ದೋಣಿ ತಗೋ. ಇಲ್ಲಾಂದ್ರೆ ಪಿಂಚೋ ಪಾರ್ಕಿನ ಕೆರೆ ದಡದಲ್ಲಿ ಸುಮ್ನೆ ಕೂತ್ಕೋ." ಅಮೆರಿಕದ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಸುತ್ತಮುತ್ತ ಗಾಳ ಹಾಕುವ ನಮ್ಮವರು ನನಗೆ ಕೊಟ್ಟ ಬುದ್ಧಿಮಾತು ಇದು. ಅದರಲ್ಲಿ ಅರ್ಧ ನಿಜ ಇದೆ. ಇಲ್ಲಿ ಸಸ್ಕೆಹಾನಾ ನದಿ ಸುಮಾರು ಮುಕ್ಕಾಲು ಮೈಲಿ ಅಗಲ. ಬೇಸಿಗೆಯಲ್ಲಿ ಬಹಳ ಕಡೆ ನೀರು ಮೊಣಕಾಲು ದಾಟುವುದಿಲ್ಲ. ಪ್ರೊಪೆಲ್ಲರ್ ಇರುವ ಮೋಟಾರ್ ಬಂಡೆಗೆ ಬಡಿದು ಹಾಳಾಗುತ್ತದೆ. ಅದಕ್ಕೇ ಇಲ್ಲಿನವರು ಪ್ರೊಪೆಲ್ಲರ್ ಬದಲು ನೀರು ಚಿಮ್ಮಿಸಿ ಓಡುವ ಜೆಟ್ ಹಾಕಿಸುತ್ತಾರೆ. ಹಳೆಯದೇ ಆದರೂ ಕೆಲಸಕ್ಕೆ ಬರುವ ದೋಣಿಗೆ ಹದಿನೈದು ಸಾವಿರ ಡಾಲರ್ ಆಸುಪಾಸು ಬೇಕು. ನನ್ನ ಹತ್ತಿರ ಅಷ್ಟು ದುಡ್ಡೂ ಇರಲಿಲ್ಲ, ದೋಣಿ ನಿಲ್ಲಿಸಲು ಜಾಗವೂ ಇರಲಿಲ್ಲ.

ಹೋದ ಬೇಸಿಗೆಯ ಕೊನೆಯಲ್ಲಿ 20.5 ಇಂಚಿನ ಸ್ಮಾಲ್‌ಮೌತ್ ಹಿಡಿದೆ, ಇಲ್ಲಿನ ನದಿ ಬಾಸ್ ಅಂದರೆ ಅದೇ ಜಾತಿ. ತೊಡೆಮಟ್ಟ ನೀರಿನಲ್ಲಿ ನಿಂತು ಹಿಡಿದದ್ದು. ಆ ದಿನ ಜೆಟ್ ದೋಣಿಯವರ ಫೋಟೋಗಳಲ್ಲಿ 17 ಇಂಚು ದಾಟಿದ್ದು ಒಂದೂ ಇರಲಿಲ್ಲ. ಇಷ್ಟು ಜಂಬ ಕೊಚ್ಚಿಕೊಳ್ಳಲು ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ, ಯಾಕೆಂದರೆ ಅದಕ್ಕೆ ಮೊದಲು ಮೂರು ಬೇಸಿಗೆ ಎಲ್ಲರ ನಗು ಕೇಳಿಸಿಕೊಂಡಿದ್ದೇನೆ.

ನಾನು ಬಾಸ್ ಹಿಡಿಯಲು ಕಲಿತದ್ದು ನಾರ್ತ್ ಕೆರೊಲಿನಾದ ಕೆರೆಗಳಲ್ಲಿ, ಅದೂ ಲಾರ್ಜ್‌ಮೌತ್ ಅನ್ನುವ ಬೇರೆ ಜಾತಿ. ಆ ಗಾಳದ ಪೆಟ್ಟಿಗೆಯನ್ನೇ ಇಲ್ಲಿಗೂ ತಂದೆ. 3/8 ಔನ್ಸ್ ಟೆಕ್ಸಾಸ್ ರಿಗ್ (ಮುಂದೆ ತೂಕ, ಹಿಂದೆ ಗಾಳಕ್ಕೆ ಪ್ಲಾಸ್ಟಿಕ್ ಹುಳ) ಎಸೆದರೆ ಎರಡನೇ ಎಸೆತಕ್ಕೆ ಬಂಡೆ ಸಂದಿಗೆ ಸಿಕ್ಕಿಕೊಂಡಿತು. ತಿರುಗುವ ತಗಡಿನ ಸ್ಪಿನ್ನರ್‌ಬೈಟ್ ಓಟದ ನೀರಿನಲ್ಲಿ ಪಕ್ಕಕ್ಕೆ ಮಲಗಿತು. ತೂಕ ಗಾಳದ ಕೆಳಗೆ ಇರುವ ಡ್ರಾಪ್ ಶಾಟ್ ತಿರುಚಿ ತಿರುಚಿ ದಾರವನ್ನೇ ಹಾಳು ಮಾಡಿತು. ಆಳಕ್ಕೆ ಹೋಗುವ, ಮೀನಿನಾಕಾರದ ಕ್ರ್ಯಾಂಕ್‌ಬೈಟ್‌ಗಳ ಕಥೆ ಬೇಡ, ಒಂದೊಂದಕ್ಕೆ ಎಂಟೊಂಬತ್ತು ಡಾಲರ್. ಡಾಫಿನ್ ನ್ಯಾರೋಸ್‌ನ ಬಂಡೆಗಳಲ್ಲಿ ನನ್ನ ಕ್ರ್ಯಾಂಕ್‌ಬೈಟ್‌ಗಳ ಒಂದು ಸಣ್ಣ ಅಂಗಡಿಯೇ ಈಗಲೂ ಇದೆ. ಮೊದಲ ಬೇಸಿಗೆಯಲ್ಲಿ ನದಿಗೆ ಕೊಟ್ಟ ಸಾಮಾನಿನ ಬೆಲೆಯೇ ಇನ್ನೂರೈವತ್ತು ಡಾಲರ್ ಇರಬೇಕು. ಅದರ ಮೇಲೆ ಒಂದು ಹಳೆಯ ಕಯಾಕ್‌ಗೆ ಮುನ್ನೂರು. ಕಯಾಕ್ ಒಳ್ಳೆಯದೇ, ಆದರೆ ಓಟದ ನೀರಿನಲ್ಲಿ ಅದನ್ನು ನಿಲ್ಲಿಸುವುದರಲ್ಲೇ ಎರಡೂ ಕೈ ಹೋಗುತ್ತವೆ. ಗಾಳ ಹಿಡಿಯಲು ಮೂರನೇ ಕೈ ಬೇಕು. ಈಗ ಅದು ಜಾಗದಿಂದ ಜಾಗಕ್ಕೆ ದಾಟುವ ವಾಹನ ಅಷ್ಟೇ. ತಲುಪಿದ ಮೇಲೆ ಬಂಡೆ ಮೇಲೆ ಎಳೆದಿಟ್ಟು ಇಳಿದು ನಡೆಯುತ್ತೇನೆ.

ನ್ಯಾರೋಸ್ ನೋಡದವರಿಗೆ ಒಂದು ಮಾತು. ಹ್ಯಾರಿಸ್‌ಬರ್ಗ್‌ನಿಂದ ಸ್ವಲ್ಪ ಮೇಲೆ ನದಿ ಬೆಟ್ಟಸಾಲುಗಳನ್ನು ಅಡ್ಡ ಕತ್ತರಿಸಿಕೊಂಡು ಬರುತ್ತದೆ. ಆ ಬೆಟ್ಟಗಳ ಗಟ್ಟಿ ಕಲ್ಲೇ ನದಿಯ ತಳದಲ್ಲೂ ಒಂದರ ಹಿಂದೊಂದು ಪಟ್ಟಿಯಾಗಿ ಅಡ್ಡ ಮಲಗಿದೆ. ಹಳೆಯ ಸೇತುವೆಯ ಕಂಬವೊಂದರ ಮೇಲೆ ಲಿಬರ್ಟಿ ಪ್ರತಿಮೆಯ ಪ್ರತಿಕೃತಿ ನಿಂತಿದೆ. ಮೊದಲನೆಯದನ್ನು ಇಟ್ಟದ್ದು 1986ರಲ್ಲಿ. ಅದರ ಕೆಳಗಡೆ ರಾಕ್‌ವಿಲ್ ಸೇತುವೆ, 1902ರ ಕಲ್ಲಿನ ಕಮಾನುಗಳದ್ದು, 48 ಕಮಾನು. ಪ್ರತಿ ಕಲ್ಲುಪಟ್ಟಿಯ ಕೆಳಗೂ ಒಂದು ಗುಂಡಿ, ಪ್ರತಿ ಕಂಬದ ಹಿಂದೂ ಒಂದು ಸುಳಿ. ನೋಡಿದರೆ ಎಲ್ಲೆಲ್ಲೂ ಮೀನಿರಬೇಕು ಅನ್ನಿಸುತ್ತದೆ. ಕಷ್ಟ ಇರುವುದು ಅಲ್ಲೇ.

ನೀರು ಓದಲು ನಾನು ಮಂಡಕ್ಕಿ ಬಳಸಿದೆ. ನಗಬೇಡಿ. ಇಂಡಿಯನ್ ಅಂಗಡಿಯ ಎರಡು ಡಾಲರ್ ಪೊಟ್ಟಣ. ಒಂದು ಮುಷ್ಟಿ ಮೇಲ್ಗಡೆ ಎಸೆದು ಅದು ಎಲ್ಲಿ ಓಡುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಓಡುವ ನೀರೂ ನಿಂತ ನೀರೂ ತಾಗುವ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಬಂಡೆಯ ಹಿಂದೆ ಸುಳಿ ಇರುವುದು ಎಲ್ಲರಿಗೂ ಗೊತ್ತು. ಬಂಡೆಯ ಮುಂದೆಯೂ ನೀರು ಬಡಿದು ಮೆತ್ತಗಾಗುವ ಒಂದು ಸಣ್ಣ ಜಾಗ ಇರುತ್ತದೆ ಎಂದು ಮಂಡಕ್ಕಿ ತೋರಿಸಿತು. ದೊಡ್ಡ ಮೀನು ಜಾಸ್ತಿ ನಿಲ್ಲುವುದು ಅಲ್ಲೇ, ಊಟ ಮೊದಲು ತಲುಪುವ ಜಾಗ ಅದು. ಆದರೆ ಮಂಡಕ್ಕಿ ಹೇಳುವುದು ಮೇಲಿನ ನೀರಿನ ಸುದ್ದಿ ಮಾತ್ರ. ತಳದ ನೀರು ಅದಕ್ಕಿಂತ ನಿಧಾನ. ಈ ಪ್ರಯೋಗ ನಿಂತದ್ದು ಕೆನಡಾ ಹೆಬ್ಬಾತುಗಳಿಂದ. ಮೂರನೇ ಮುಷ್ಟಿಗೆ ಇಡೀ ಸಂಸಾರ ಬಂದು ನನ್ನ ಸುತ್ತ ನಿಂತಿತು.

ಈಗ ಅಸಲು ವಿಷಯ. ನಾನು ಮಲೆನಾಡಿನವನು. ಮುಂಗಾರಿನ ಮೊದಲ ಮಳೆಗೆ ಹರಿವಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿದವರಿಗೆ ಮೀನು ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೀನು ಹಿಡಿಯುವ ಬುಟ್ಟಿ, ಅಂದರೆ ಕೂಣಿಯ ಬಾಯಿ ಯಾವ ಕಡೆ ಇರಬೇಕು ಅನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತು. ಸ್ಮಾಲ್‌ಮೌತ್‌ನ ಮುಖ್ಯ ಊಟ ಕ್ರೇಫಿಶ್, ಸಿಗಡಿಯಂಥ ಸಿಹಿನೀರಿನ ಪ್ರಾಣಿ. ಅದು ಉರುಳಿಕೊಂಡು, ತೇಲಿಕೊಂಡು ಹರಿವಿನ ಜೊತೆ ಕೆಳಗೆ ಬರುತ್ತದೆ. ಕೆಳಕ್ಕೆ ಎಸೆದು ಮೇಲಕ್ಕೆ ಎಳೆದರೆ, ಓಟದ ನೀರಿಗೆ ಎದುರಾಗಿ ಈಜುವ ಕ್ರೇಫಿಶ್ಶನ್ನು ಮೀನಿಗೆ ತೋರಿಸಿದ ಹಾಗಾಯಿತು. ಸಣ್ಣವು ಮೋಸ ಹೋಗುತ್ತವೆ, ದೊಡ್ಡವು ಹೋಗುವುದಿಲ್ಲ.

ಹಾಗಾಗಿ ಮೇಲಕ್ಕೇ ಎಸೆಯಬೇಕು. ನೇರ ಮೇಲಕ್ಕಲ್ಲ. ನೀರು ಬರುವ ದಿಕ್ಕನ್ನು ಹನ್ನೆರಡು ಗಂಟೆ ಅಂದುಕೊಂಡರೆ ಹತ್ತೂವರೆ ಅಥವಾ ಒಂದೂವರೆಯ ಕಡೆಗೆ. ರಾಡ್ ತುದಿ ಎತ್ತಿ ಹಿಡಿದು, ಸಡಿಲವಾದ ದಾರವನ್ನಷ್ಟೇ ಸುತ್ತಿಕೊಳ್ಳುವುದು. ಜಿಗ್ಗನ್ನು, ಅಂದರೆ ತಲೆಗೆ ಸೀಸದ ತೂಕ ಇರುವ ಗಾಳವನ್ನು, ಎಳೆಯಬಾರದು. ಅದನ್ನು ತರುವುದು ನೀರಿನ ಕೆಲಸ. ಅದು ತಳದಲ್ಲಿ ಅಜ್ಜ ಊರುಗೋಲು ಊರಿಕೊಂಡು ನಡೆದ ಹಾಗೆ ಬರಬೇಕು. ಟಕ್, ಸ್ವಲ್ಪ ಬಿಟ್ಟು ಟಕ್, ಮತ್ತೆ ಟಕ್. ಬರಬೇಕಾದ ಟಕ್ ಬರದಿದ್ದರೆ ಮೀನು ಬಾಯಿಗೆ ಹಾಕಿಕೊಂಡಿದೆ ಎಂದೇ ಲೆಕ್ಕ, ಎತ್ತಿಬಿಡಿ. ಜಗ್ಗುವ ತನಕ ಕಾದರೆ ಆಗಲೇ ಉಗುಳಿರುತ್ತದೆ. ಹಳದಿ ಬಣ್ಣದ 10 ಪೌಂಡ್ ಬ್ರೇಡ್ (ಹೆಣೆದ ದಾರ) ಹಾಕಿ, ದಾರ ಪಕ್ಕಕ್ಕೆ ಜರುಗುವುದು ಕಣ್ಣಿಗೆ ಕಾಣುತ್ತದೆ. ತುದಿಗೆ 8 ಪೌಂಡ್ ಫ್ಲೋರೋಕಾರ್ಬನ್ ದಾರ ಐದಾರು ಅಡಿ ಸಾಕು. ಏಳು ಅಡಿಯ ಮೀಡಿಯಂ ಲೈಟ್ ರಾಡ್, 2500 ಸೈಜಿನ ರೀಲ್, ಜಿಗ್ಗಿಗೆ ಸಿಕ್ಕಿಸುವ ಹಸಿರು ಪ್ಲಾಸ್ಟಿಕ್ ಟ್ಯೂಬ್, ಅರ್ಧ ಮುರಿದ ಪ್ಲಾಸ್ಟಿಕ್ ಹುಳ ಇವೆಲ್ಲ ನಿಮ್ಮ ಹತ್ತಿರ ಇದ್ದೇ ಇರುತ್ತವೆ.

ಎಲ್ಲ ಆಟ ನಿಂತಿರುವುದು ಜಿಗ್ಗಿನ ತೂಕದ ಮೇಲೆ. 1/4 ಔನ್ಸ್ ಹಾಕಿದರೆ ಟಕ್ ಅಂದಲ್ಲೇ ಕೂತುಬಿಡುತ್ತದೆ, ಸಂದಿಗೆ ಇಳಿಯುತ್ತದೆ, ದುಡ್ಡು ಹೋಯಿತು. 1/16 ಹಾಕಿದರೆ ತಳವನ್ನೇ ಮುಟ್ಟುವುದಿಲ್ಲ. ನನಗೆ ಜಾಸ್ತಿ ಮೀನು ಕೊಟ್ಟದ್ದು 3/32 ಮತ್ತು 1/8. ಮೂರು ಅಡಿ ಆಳ, ನಡಿಗೆಯ ವೇಗದ ನೀರು ಇದ್ದರೆ 1/8. ಅದಕ್ಕಿಂತ ತೆಳು ನೀರಿಗೆ 3/32. ಒಂದೇ ಗುಂಡಿಯಲ್ಲಿ ನಿಂತು ಮೂರು ಸಲ ತೂಕ ಬದಲಿಸಿದ ದಿನಗಳಿವೆ. ಮೂರನೆಯದಕ್ಕೆ ಮೊದಲ ಎಸೆತದಲ್ಲೇ ಮೀನು ಬಂದದ್ದೂ ಇದೆ. ಬಣ್ಣದ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ತೂಕದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ವಿಚಿತ್ರ ಅಲ್ವಾ?

ಇಷ್ಟು ತೂಕ ಅಂಗಡಿಯಲ್ಲಿ ಕೊಂಡರೆ ಪೂರೈಸುವುದಿಲ್ಲ. ಒಂದು ಜಿಗ್ ಹೆಡ್‌ಗೆ ಒಂದು ಡಾಲರ್ ಮೇಲೆ ಬೀಳುತ್ತದೆ, ದಿನಕ್ಕೆ ಎಂಟು ಹತ್ತು ಹೋಗುತ್ತವೆ. ನಾನೇ ಎರಕ ಹೊಯ್ಯಲು ಶುರು ಮಾಡಿದೆ. ಅಚ್ಚಿಗೆ ನಲವತ್ತು, ಸೀಸ ಕರಗಿಸುವ ಪಾತ್ರೆಗೆ ಎಪ್ಪತ್ತು, ನೂರು ಗಾಳಕ್ಕೆ ಇಪ್ಪತ್ತು ಡಾಲರ್ ಚಿಲ್ಲರೆ. ಟೈರ್ ಅಂಗಡಿಯೊಂದರಿಂದ ಚಕ್ರಕ್ಕೆ ಹಾಕುವ ಹಳೆ ತೂಕಗಳ ಒಂದು ಡಬ್ಬಿ ಪುಕ್ಕಟೆ ಸಿಕ್ಕಿತು. ಮನೆಗೆ ತಂದು ನೋಡಿದರೆ ಅರ್ಧಕ್ಕರ್ಧ ಉಕ್ಕು, ಉಳಿದದ್ದರಲ್ಲೂ ಸತು ಸೇರಿತ್ತು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತುವಿಗೆ 420ರ ಹತ್ತಿರ ಬೇಕು. ಶಾಖ ಜಾಸ್ತಿಯಾಗಿ ಸತು ಬೆರೆತರೆ ಇಡೀ ಪಾತ್ರೆ ಗಂಜಿಯಾಗುತ್ತದೆ, ಅಚ್ಚಿಗೆ ಇಳಿಯುವುದೇ ಇಲ್ಲ. ಆ ಸೀಸ ಅಷ್ಟೂ ವ್ಯರ್ಥವಾಯಿತು. ಈಗ ಶುದ್ಧ ಸೀಸವನ್ನೇ ಕೊಳ್ಳುತ್ತೇನೆ. ಗ್ಯಾರೇಜ್ ಬಾಗಿಲು ತೆರೆದಿಟ್ಟು, ಮಾಸ್ಕ್ ಹಾಕಿ, ಒಂದು ಹನಿ ನೀರೂ ಹತ್ತಿರ ಇಲ್ಲದ ಹಾಗೆ. ಕರಗಿದ ಸೀಸಕ್ಕೆ ನೀರು ಬಿದ್ದರೆ ಸಿಡಿದು ಮುಖಕ್ಕೆ ಬರುತ್ತದೆ. ಒಂದು ಹೆಡ್ಡಿಗೆ ಈಗ ಮೂವತ್ತು ಸೆಂಟ್ ಬೀಳಬಹುದು. ಹೋದರೆ ಹೋಗಲಿ ಅನ್ನುವ ಧೈರ್ಯ ಬಂದ ಮೇಲೆಯೇ ಬಂಡೆ ಸಂದಿಗೆ ಸರಿಯಾಗಿ ಎಸೆಯಲು ಸಾಧ್ಯವಾದದ್ದು. ಮೀನು ಇರುವುದೂ ಅಲ್ಲೇ. ಅಚ್ಚಿನಿಂದ ತೆಗೆದ ಮೇಲೆ ಹೆಡ್ಡಿನ ಮೂಗಿಗೆ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ, ಸಿಕ್ಕಿಕೊಳ್ಳುವುದು ಬಹಳ ಕಡಿಮೆಯಾಗುತ್ತದೆ. ಅದು ನನ್ನ ಹತ್ತಿರವೇ ಇರಲಿ. ಒಂದು ಅರ ತಗೊಂಡು ನೀವೂ ಕೂತರೆ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಪ್ರಯೋಗ ಹೆಲ್‌ಗ್ರಮೈಟ್. ಓಟದ ನೀರಿನ ಕಲ್ಲು ಮಗುಚಿದರೆ ಸಿಗುವ ಕರಿಯ ಹುಳ, ಡಾಬ್ಸನ್ ಫ್ಲೈನ ಮರಿ. ಬೆರಳು ಕಚ್ಚಿದರೆ ರಕ್ತ ಬರುತ್ತದೆ. ಮೀನು ಬಿಡುವುದೇ ಇಲ್ಲ, ಅಷ್ಟು ಇಷ್ಟ. ಆದರೆ ಗಂಟಲವರೆಗೆ ನುಂಗುತ್ತದೆ. ಗಾಳ ಬಿಡಿಸುವಾಗ ಮೀನು ಸಾಯುತ್ತದೆ. ಇಲ್ಲಿ ಅದು ಸಣ್ಣ ವಿಷಯವಲ್ಲ. 2005ರಲ್ಲಿ ಈ ನದಿಯಲ್ಲಿ ಮರಿ ಸ್ಮಾಲ್‌ಮೌತ್‌ಗಳು ರೋಗ ಬಂದು ರಾಶಿ ರಾಶಿ ಸತ್ತವು. ಅದರ ನಂತರ 2011ರಲ್ಲಿ ಪೆನ್ಸಿಲ್ವೇನಿಯಾದ ಫಿಶ್ ಅಂಡ್ ಬೋಟ್ ಕಮಿಷನ್ ಸನ್ಬರಿಯಿಂದ ಹೋಲ್ಟ್‌ವುಡ್ ಅಣೆಕಟ್ಟಿನವರೆಗೆ ಹಿಡಿದ ಬಾಸನ್ನು ಅಲ್ಲೇ ಬಿಡಬೇಕು ಎಂದು ನಿಯಮ ತಂದಿತು. ಮೊಟ್ಟೆ ಇಡುವ ಕಾಲದಲ್ಲಿ, ಅಂದರೆ ಮೇ ತಿಂಗಳಿನಿಂದ ಜೂನ್ ಮಧ್ಯದವರೆಗೆ, ಅದರ ತಂಟೆಗೇ ಹೋಗುವ ಹಾಗಿಲ್ಲ ಎಂದೂ ಆಮೇಲೆ ನಿಯಮ ಬಂದಿತ್ತು. ಹೊರಡುವ ಮೊದಲು ಆ ವರ್ಷದ ನಿಯಮ ಪುಸ್ತಕ ತೆರೆದು ನೋಡಿ. ಈಗ ನಾನು ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡುತ್ತೇನೆ. ದಾರ ಬಿಗಿಯಾಗಿದ್ದರೆ ಮೀನು ತಪ್ಪುವುದಿಲ್ಲ. "ಹಿಡಿದು ಬಿಡೋಕೆ ಅಷ್ಟು ದುಡ್ಡು ಯಾಕೆ ಸುರೀತೀಯಾ?" ಎಂದು ಊರಿನಿಂದ ಅಮ್ಮ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಜುಲೈ ಕೊನೆ, ಆಗಸ್ಟ್‌ನಲ್ಲಿ ಸಂಜೆ ನೀರಿನಿಂದ ಬಿಳಿ ಮೇಫ್ಲೈ ಹುಳಗಳು ಏಳುತ್ತವೆ. ಹಿಮ ಬಿದ್ದ ಹಾಗೆ ಎಂದು ಇಲ್ಲಿನವರು ಹೇಳುತ್ತಾರೆ, ನನಗಂತೂ ಮೂಗಿಗೆ ಬಾಯಿಗೆ ಹೊಕ್ಕಿದ್ದೇ ನೆನಪು. ಆಗ ನೀರೆಲ್ಲ ಮೀನು ಏಳುತ್ತದೆ. ಅದಕ್ಕೆಂದೇ ಕೃತಕ ನೊಣ ಎಸೆಯುವ ಒಂದು ಫ್ಲೈ ರಾಡ್ ಕೊಂಡೆ, ಎಲ್ಲ ಸೇರಿ ನೂರೈವತ್ತು. ಮೀನೇನೋ ಸಾಕಷ್ಟು ಬಂತು, ಎಲ್ಲ ಒಂಬತ್ತು ಹತ್ತು ಇಂಚು. ದೊಡ್ಡವು ಮೇಲೆ ಬರದೆ ಕೆಳಗೇ ನಿಂತು ಮುಳುಗಿದ ಹುಳ ತಿನ್ನುತ್ತವೆ ಎಂದು ನನ್ನ ಅನುಮಾನ. ಅದೇ ಹೊತ್ತಿಗೆ ಬಿಳಿ ಪ್ಲಾಸ್ಟಿಕ್ ಹುಳವನ್ನು 1/16ಕ್ಕೆ ಸಿಕ್ಕಿಸಿ ಬಿಟ್ಟಾಗ 18 ಇಂಚಿನದು ಬಂತು. ಫ್ಲೈ ರಾಡ್ ಈಗ ಮಾರಾಟಕ್ಕಿದೆ.

ನೀರಿಗೆ ಇಳಿಯುವವರು ನದಿಯ ಮಟ್ಟ ಹೇಳುವ ಹ್ಯಾರಿಸ್‌ಬರ್ಗ್ ಗೇಜ್ ನೋಡದೆ ಹೊರಡಬೇಡಿ. ನನ್ನ ಲೆಕ್ಕ ಹೀಗೆ: ಮೂರೂವರೆ ಅಡಿ ಇದ್ದರೆ ಸ್ವರ್ಗ, ನಾಲ್ಕು ದಾಟಿದರೆ ದಡದ ಹತ್ತಿರ ಮಾತ್ರ, ಐದಕ್ಕೆ ಮನೆ. ಮೇಲ್ಗಡೆ ಸೇರುವ ಉಪನದಿ ಜುನಿಯಾಟಾ ಕಡೆ ಮಳೆಯಾದರೆ ಮರುದಿನ ಅರ್ಧ ನದಿ ಕೆಸರು, ಇನ್ನರ್ಧ ತಿಳಿ. ಆ ಎರಡು ಬಣ್ಣ ಸೇರುವ ಗೆರೆಯ ತಿಳಿ ಪಕ್ಕದಲ್ಲಿ ಎಸೆದು ನೋಡಿ, ನಂತರ ನನ್ನನ್ನು ನೆನೆಸಿಕೊಳ್ಳಿ. ಕೈಗೆ ಕೋಲು ಬೇಕೇ ಬೇಕು. ನನ್ನದು ಹಳೆ ಸಾಮಾನಿನ ಅಂಗಡಿಯಿಂದ ನಾಲ್ಕೈದು ಡಾಲರ್‌ಗೆ ತಂದ ಸ್ಕೀ ಕೋಲು. ಜಾರಿದಾಗ ಓಟದ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಕಾಲು ಸಂದಿಗೆ ಸಿಕ್ಕಿದರೆ ನೀರು ಮುಖವನ್ನು ಒತ್ತಿ ಹಿಡಿಯುತ್ತದೆ. ಕಾಲು ಮುಂದೆ ಮಾಡಿ ಮಲಗಿ ತೇಲಿ, ಮೆತ್ತಗಿನ ನೀರು ಬಂದಾಗ ಏಳಿ. ಶೂಗೆ ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ಅಡಿಗಿಂತ ಮೊಳೆ ಇರುವ ರಬ್ಬರ್ ಒಳ್ಳೆಯದು. ಮೇರಿಲ್ಯಾಂಡ್‌ಗೂ ಹೋಗುವವರಿಗೆ ಅಲ್ಲಿ ಫೆಲ್ಟ್ ನಿಷೇಧ ಎಂದು ಗೊತ್ತಿರಲಿ. ಊರಿನ ಪಕ್ಕದ ಡಾಕ್ ಸ್ಟ್ರೀಟ್ ಅಣೆಯ ಹತ್ತಿರ ಮೀನು ಎಷ್ಟೇ ಇರಲಿ, ಹೋಗಬೇಡಿ. ನೋಡಲು ಗಿಡ್ಡ, ಆದರೆ ಕೆಳಗಿನ ಸುಳಿ ಹಿಡಿದರೆ ಬಿಡುವುದಿಲ್ಲ. ಅಲ್ಲಿ ಜನ ಸತ್ತಿದ್ದಾರೆ.

ನೀರು 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಇಷ್ಟು ಹೊತ್ತು ಹೇಳಿದ್ದು ಯಾವುದೂ ನಡೆಯುವುದಿಲ್ಲ. ಮೀನು ಓಟದ ನೀರು ಬಿಟ್ಟು ಆಳದ, ನಿಧಾನದ ಮಡುಗಳಿಗೆ ಹೋಗಿ ಒತ್ತಾಗಿ ನಿಲ್ಲುತ್ತದೆ. ಅಲ್ಲಿಗೆ ಕಾಲ್ನಡಿಗೆ ಸಾಲದು, ಕಯಾಕ್ ಬೇಕು. ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಯಾಕ್‌ನಲ್ಲಿ ಲೈಫ್ ಜಾಕೆಟ್ ಮೈಮೇಲೆ ಇರಲೇಬೇಕು, ಕಾನೂನು. ಕೂದಲು ಕಟ್ಟಿದ ಜಿಗ್ಗನ್ನು ಅಲ್ಲಾಡಿಸದೆ ಬಿಟ್ಟು ಕಾಯಬೇಕಂತೆ. ಹೋದ ಡಿಸೆಂಬರ್‌ನಲ್ಲಿ ಕೈ ಮರಗಟ್ಟುವ ತನಕ ಕಾದೆ, ಬಂದದ್ದು ವಾಲ್‌ಐ ಅನ್ನುವ ಬೇರೆ ಜಾತಿಯ ಒಂದು ಮೀನು. ಈ ಚಳಿಗಾಲಕ್ಕೆ 3/32ಕ್ಕೆ ಜಿಂಕೆ ಬಾಲದ ಕೂದಲು ಕಟ್ಟಿ ಮೂರು ಡಜನ್ ಮಾಡಿಟ್ಟಿದ್ದೇನೆ.